ಮ್ಯಾನೇಜರನಿಗೆ ಹಿಂಬಡ್ತಿ

ಯಡ್ತರೆಯ ಆ ಮನೆಯಲ್ಲಿ ‘ಇದು ನನ್ನದು’ ಎಂದು ರತ್ನಾಕರ ಶೆಟ್ಟರು ಎದೆ ತಟ್ಟಿ ಹೇಳಬಹುದಾದದ್ದು ಒಂದೇ ಒಂದು ಉಳಿದಿತ್ತು. ಅದು ನಾಯಿ. ಮನೆ, ಹೆಂಡತಿ ಪ್ರಫುಲ್ಲಾಳ ತಾಯಿಯ ಕಡೆಯದು. ಅವರ ಅಳಿಯಸಂತಾನ ಕಟ್ಟಿನಲ್ಲಿ ಮನೆ ಹೆಣ್ಣಿನಿಂದ ಹೆಣ್ಣಿಗೆ ಇಳಿಯುವಂಥದ್ದು, ಗಂಡ ಎಂಬುವನು ಅಲ್ಲಿ ಊಟ ತಿಂಡಿ ಸಹಿತ ತಂಗಿರುವ ಗೌರವಾನ್ವಿತ ಅತಿಥಿ. ಕೊಲ್ಲೂರಿನ ಹೋಟೆಲು ಮೊನ್ನೆ ಮೊನ್ನೆಯವರೆಗೂ ಅವರದೇ ಆಗಿತ್ತು, ಈಗ ಮಗ ನಿತೇಶನದು. ಒಳ್ಳೆಯ ಕಾರು ನಿತೇಶನದು. ಹಳೆಯ ಓಮ್ನಿ ಯಾರ ಮಾತನ್ನೂ ಕೇಳುವುದಿಲ್ಲವಾದ್ದರಿಂದ ಅದನ್ನು ಯಾರದೂ ಎನ್ನುವಂತಿಲ್ಲ. ಟೀವಿಯ ರಿಮೋಟಿನ ಮಾಲೀಕತ್ವದ ಬಗ್ಗೆ ಶೆಟ್ಟರು ಚರ್ಚೆಗೇ ಇಳಿಯುತ್ತಿರಲಿಲ್ಲ.

ನಾಯಿಯ ಹೆಸರು ಮ್ಯಾನೇಜರ್. ತಾಯಿ ಅಚ್ಚ ಲ್ಯಾಬ್ರಡಾರ್. ತಂದೆ ಉಪ್ಪುಂದದ ಕಡೆಯ ಯಾರೋ. ಯಾರಾದರೂ ಅದನ್ನು ಬೆರಕೆ ನಾಯಿ ಎಂದರೆ ಶೆಟ್ಟರು ಕೆರಳುತ್ತಿದ್ದರು. “ನಮ್ಮಂಗ್ ಬಳಿ ತಾಯಿಯಿಂದ ಬಪ್ಪುದ್. ತಾಯಿ ಲ್ಯಾಬ್ರಡಾರ್ ಅಂದ್ಮೇಲೆ ಇವನೂ ಲ್ಯಾಬ್ರಡಾರೇ. ಅಪ್ಪನ್ ಸುದ್ದಿ ಎಂತಕ್ಕೆ?” ಎನ್ನುತ್ತಿದ್ದರು. (ಬಳಿ ಎಂದರೆ ಅವರ ಗೋತ್ರ. ಬೇರೆಯವರ ಗೋತ್ರ ತಂದೆಯಿಂದ ಬಂದರೆ ಇವರದು ತಾಯಿಯಿಂದ. ನಾಯಿಗೂ ಈ ಕಾನೂನು ಅನ್ವಯಿಸಿದವರು ಶೆಟ್ಟರೇ ಮೊದಲಿಗರು.) ಮರಿ ಬಂದ ದಿನವೇ ಅದಕ್ಕೆ ಆ ಹೆಸರಿಟ್ಟದ್ದರಿಂದ ಹೋಟೆಲಿನ ಅಸಲು ಮ್ಯಾನೇಜರ್ ಮಂಜಯ್ಯನಿಗೆ ಸ್ವಲ್ಪ ಮುಜುಗರವಾಗಿತ್ತು. ‘ಮ್ಯಾನೇಜರ್‌ಗೆ ಹುಳದ ಔಷಧಿ ಹಾಕಿಸಬೇಕು’ ಎಂದು ಶೆಟ್ಟರು ಫೋನಿನಲ್ಲಿ ಹೇಳಿದ್ದನ್ನು ಗಿರಾಕಿಗಳ ಮುಂದೆ ಕೇಳಿಸಿಕೊಂಡ ಮೇಲಂತೂ ಆತ ರಜೆ ಹಾಕಿ ಊರಿಗೆ ಹೋಗಿದ್ದ.

ಇನ್ನು ಶೆಟ್ಟರ ತತ್ವಶಾಸ್ತ್ರ. ಮೀಸೆ ಮೂಡುವ ಮೊದಲೇ ಮುಂಬೈಗೆ ಹೋಗಿ ಕಪ್ಪು ತೊಳೆದು, ಟೇಬಲ್ ಒರೆಸಿ, ಸಪ್ಲೈಯರ್ ಆಗಿ, ಕ್ಯಾಪ್ಟನ್ ಆಗಿ, ಕೊನೆಗೆ ಗಲ್ಲಾದಲ್ಲಿ ಕೂತು, ಅಲ್ಲಿಂದ ಕೊಲ್ಲೂರಿಗೆ ಬಂದು ಸ್ವಂತ ಹೋಟೆಲು ತೆರೆದವರು ಅವರು. ಹಾಗಾಗಿ ಅವರ ಕಣ್ಣಿಗೆ ಪ್ರಪಂಚದ ಸಕಲ ಜೀವರಾಶಿಗಳೂ ಹೋಟೆಲಿನ ನೌಕರರೇ. ಋಷಿಮುನಿಗಳು ಬ್ರಹ್ಮಚರ್ಯ, ಗಾರ್ಹಸ್ಥ್ಯ, ವಾನಪ್ರಸ್ಥ ಎಂದು ಏನೇನೋ ಹೇಳಿರಬಹುದು. ಶೆಟ್ಟರ ಪ್ರಕಾರ ಜೀವನಕ್ಕೆ ಇರುವ ಆಶ್ರಮಗಳು ಕ್ಲೀನರ್, ಕ್ಯಾಪ್ಟನ್ ಮತ್ತು ಗಲ್ಲಾ. ಎಳೆಯ ವಯಸ್ಸಿನಲ್ಲಿ ಓಡಬೇಕು, ನಡುವಯಸ್ಸಿನಲ್ಲಿ ನಿಂತು ನೋಡಿಕೊಳ್ಳಬೇಕು, ವಯಸ್ಸಾದ ಮೇಲೆ ಕೂರಬೇಕು.

ಈ ಸಿದ್ಧಾಂತವನ್ನು ಅವರು ನಾಯಿಯ ಮೇಲೆ ಚಾಚೂ ತಪ್ಪದೆ ಪ್ರಯೋಗಿಸಿದರು. ಅಂಗೈ ತುಂಬುವಷ್ಟಿದ್ದ ಮರಿಯನ್ನು ಬೆಳಗಾಗುತ್ತಲೇ ಎಬ್ಬಿಸಿ ಬೈಂದೂರು ಪೇಟೆಯ ದಿಕ್ಕಿಗೆ ಓಡಿಸಿದರು. ತಾವು ಸ್ಕೂಟರಿನಲ್ಲಿ, ಮರಿ ಹಿಂದೆ. ನಾಲ್ಕು ದಿನದಲ್ಲಿ ಮರಿ ಕುಂಟತೊಡಗಿತು. ಪಶುವೈದ್ಯೆ ಅಮಿತಾ ಅದರ ಕಾಲನ್ನು ಮುಟ್ಟಿ ನೋಡಿ, “ಶೆಟ್ರೆ, ಇದ್ರ್ ಎಲುಬ್ ಇನ್ನೂ ಕೂಡಲಿಲ್ಲೆ. ಅಂಗಳದಂಗೆ ಅದ್ರಷ್ಟಕ್ಕೆ ಆಡ್ಲಿ. ಸುಸ್ತ್ ಆರೆ ಮನ್ಕಳ್ಳಿ. ಓಡುದೆಲ್ಲ ದೊಡ್ಡ್ ಆದ್ಮೇಲೆ,” ಎಂದಳು. ಸರಿ ಎಂದು ಶೆಟ್ಟರು ಓಟ ನಿಲ್ಲಿಸಿದರು. ಎಷ್ಟು ಖಡಾಖಂಡಿತವಾಗಿ ನಿಲ್ಲಿಸಿದರೆಂದರೆ, ಮರಿ ಬೆಳೆದು ಹೋರಿಯಷ್ಟಾದ ಮೇಲೂ ಅದನ್ನು ಓಡಗೊಡಲಿಲ್ಲ. ಅಷ್ಟರಲ್ಲಿ ಅವರ ಲೆಕ್ಕದಲ್ಲಿ ಅದಕ್ಕೆ ಕ್ಯಾಪ್ಟನ್ ಹುದ್ದೆಗೆ ಬಡ್ತಿಯಾಗಿತ್ತು. ಕ್ಯಾಪ್ಟನ್ ಆದವನು ಓಡಾಡಿದರೆ ಹೋಟೆಲಿನ ಮರ್ಯಾದೆ ಏನಾಗಬೇಕು?

ಮೈಯಲ್ಲಿ ಬೆಂಕಿಯಿದ್ದ ಆ ಪ್ರಾಯದಲ್ಲಿ ಜಗಲಿಯ ಮೇಲೆ ನಿಂತು ಉಸ್ತುವಾರಿ ನೋಡಿಕೊಳ್ಳುವ ಕೆಲಸ ಮ್ಯಾನೇಜರನಿಗೆ ಹಿಡಿಸಲಿಲ್ಲ. ಅದು ಮೊದಲು ಸೋಫಾದ ದಿಂಬುಗಳನ್ನು ತಿಂದಿತು. ಆಮೇಲೆ ಪ್ರಫುಲ್ಲಾಳ ಮಲ್ಲಿಗೆ ಗಿಡಗಳನ್ನು ಬೇರುಸಹಿತ ಪರಿಶೀಲಿಸಿತು. ವಿಮೆಯವನ ಹೆಲ್ಮೆಟ್ಟು, ನೆಂಟರ ಬಲಗಾಲಿನ ಚಪ್ಪಲಿಗಳು (ಎಡಗಾಲಿನದನ್ನು ಮುಟ್ಟುತ್ತಿರಲಿಲ್ಲ, ಅಷ್ಟರಮಟ್ಟಿಗೆ ಶಿಸ್ತು), ಮದುವೆಯ ಆಲ್ಬಮ್ಮಿನಲ್ಲಿ ಶೆಟ್ಟರು ಇದ್ದ ಪುಟಗಳು ಒಂದೊಂದಾಗಿ ಅದರ ಹೊಟ್ಟೆ ಸೇರಿದವು. “ಈಗಳ್ ಇವ ಓಡ್ಕ್ ಶೆಟ್ರೆ, ಬೆಳಿಗ್ಗೆ ಬೈಸಾರಿ ಎರಡೂ ಹೊತ್ತ್ ಚೆಂದ ಸುಸ್ತ್ ಆಪಂಗೆ,” ಎಂದಳು ಅಮಿತಾ. “ಆಗಳ್ ಓಡ್ಸುದ್ ಬ್ಯಾಡ ಅಂದ್ರ್, ಈಗಳ್ ಓಡ್ಸಿ ಅಂತ್ರ್. ಇವ್ರಿಗ್ ಒಂದ್ ಮಾತೇ ಇಲ್ಲೆ,” ಎಂದು ಶೆಟ್ಟರು ಗೊಣಗಿದರು. ಓಡಿಸಿದವಳು ಮಗಳು ಅನ್ವಿತಾ. ಕಾಲೇಜಿನ ದಿನಗಳಲ್ಲೂ, ಬೈಂದೂರಿನ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದ ಮೇಲೂ, ಮದುವೆಯಾಗಿ ಬ್ರಹ್ಮಾವರಕ್ಕೆ ಹೋಗುವ ತನಕವೂ ಅವಳೇ ಅದನ್ನು ಹೊಳೆಬದಿಯ ದಾರಿಯಲ್ಲಿ ಓಡಿಸಿ, ಚೆಂಡು ಎಸೆದು, ದಣಿಸಿ ಕರೆತರುತ್ತಿದ್ದಳು.

ಅವಳು ಹೋದ ಮೇಲೆ ಮ್ಯಾನೇಜರನಿಗೆ ವಯಸ್ಸಾಯಿತು. ಅದೇ ಸುಮಾರಿಗೆ ಶೆಟ್ಟರೂ ಹೋಟೆಲನ್ನು ಮಗನಿಗೆ ಬಿಟ್ಟು ಮನೆಗೆ ಬಂದರು. ಈಗ ಇಬ್ಬರಿಗೂ ಗಲ್ಲಾದ ವಯಸ್ಸು. ಜಗಲಿಯ ಮೇಲೆ ಒಂದು ಆರಾಮ ಕುರ್ಚಿ, ಪಕ್ಕದಲ್ಲಿ ಒಂದು ಗೋಣಿಚೀಲ. ಕೊಲ್ಲೂರಿನಿಂದ ದಿನವೂ ಬರುವ ಪಾರ್ಸೆಲ್ಲಿನಲ್ಲಿ ಬನ್ಸು ಬಂದರೆ ಒಂದು ಇವರಿಗೆ, ಒಂದು ಅದಕ್ಕೆ. ಗೋಳಿಬಜೆ ಬಂದರೂ ಅದೇ ನ್ಯಾಯ. ಮ್ಯಾನೇಜರ್ ಅಗಲದಲ್ಲಿ ಬೆಳೆಯತೊಡಗಿತು. ಶೆಟ್ಟರಿಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಗಲ್ಲಾದಲ್ಲಿ ಕೂತ ಯಾರು ತಾನೇ ಅಗಲವಾಗುವುದಿಲ್ಲ?

ತೊಂದರೆ ಬಂದದ್ದು ಮೆಟ್ಟಿಲಿನಿಂದ. ಆ ಮನೆ ಎತ್ತರದಲ್ಲಿದೆ. ಅಂಗಳದಿಂದ ಜಗಲಿಗೆ ಕೆಂಪುಕಲ್ಲಿನ ಉದ್ದನೆಯ ಮೆಟ್ಟಿಲ ಸಾಲು. ಒಂದು ಸಂಜೆ ಅನ್ವಿತಾ ವಿಡಿಯೋ ಕರೆ ಮಾಡಿದಾಗ ಅವಳಿಗೆ ಕಂಡದ್ದು ಇಷ್ಟು: ಕೆಳಗಿನ ಮೆಟ್ಟಿಲ ಬಳಿ ಮ್ಯಾನೇಜರ್ ಮೇಲೆ ನೋಡುತ್ತ ನಿಂತಿದೆ, ಅಪ್ಪ ಮುಂದಿನಿಂದ ಎಳೆಯುತ್ತಿದ್ದಾರೆ, ಅಮ್ಮ ಹಿಂದಿನಿಂದ ನೂಕುತ್ತಿದ್ದಾಳೆ, ಫೋನು ತುಳಸಿಕಟ್ಟೆಯ ಮೇಲೆ ಕೂತು ಎಲ್ಲವನ್ನೂ ತೋರಿಸುತ್ತಿದೆ.

“ಅಪ್ಪಯ್ಯ, ಎಂತ ಮಾಡುದ್ ಅದ್?”

“ಎಂತದೂ ಇಲ್ಲೆ ಮಗಾ. ಅವ ಇವತ್ತ್ ಸಲ್ಪ ರಜೆಯಂಗ್ ಇದ್ದ.”

“ರಜೆ ಅಲ್ಲ. ಅವ್ನಿಗ್ ಮೆಟ್ಲ್ ಹತ್ತುಕೆ ಆತಿಲ್ಲೆ,” ಎಂದಳು ಅನ್ವಿತಾ. ಅವಳ ದನಿ ಬ್ಯಾಂಕಿನಲ್ಲಿ ಸಾಲ ಇಲ್ಲ ಎನ್ನುವಾಗಿನ ದನಿಯಾಗಿತ್ತು. “ಬಪ್ಪ ಆಯ್ತವಾರ ಬಿಟ್ಟ್ ಅದ್ರ್ ಮುಂದಿನ್ ಆಯ್ತವಾರ ಬತ್ತೆ. ಅವ್ನನ್ನ ಬ್ರಹ್ಮಾವರಕ್ಕೆ ಕರ್ಕಂಡ್ ಹೋತೆ. ನಮ್ಮನಿಯಂಗೆ ಒಂದೂ ಮೆಟ್ಲಿಲ್ಲೆ.”

ಶೆಟ್ಟರು ನಾಯಿಯ ಮುಂಗಾಲು ಬಿಟ್ಟು ನೆಟ್ಟಗೆ ನಿಂತರು. “ಅವ ಮೆಟ್ಲ್ ಹತ್ತಿರೆ?”

“ಹತ್ತಿರೆ ಅಲ್ಲೇ ಇರ್ಲಿ.”

“ಹಂಗಾರೆ ಮಾತ್ ಮಾತೇ,” ಎಂದು ಶೆಟ್ಟರು ಪಂಚಾಯ್ತಿಕೆಯ ಗತ್ತಿನಲ್ಲಿ ಕೈಯೆತ್ತಿದರು. “ಮೆಟ್ಲ್ ಹತ್ತುವವ ಯಡ್ತರಿಯಂಗ್ ಇಪ್ಪುದ್. ಹತ್ತುಕೆ ಆಗ್ದಿದ್ದವ ಬ್ರಹ್ಮಾವರಕ್ಕೆ ಹೋಪುದ್. ಯಾರೇ ಆಯ್ಲಿ, ನಾ ತಕರಾರ್ ಮಾಡುದಿಲ್ಲೆ. ಪ್ರಫುಲ್ಲಾ, ನೀನೇ ಸಾಕ್ಷಿ.”

“ನಾ ಹಿಂದೆ ನೂಕ್ತಾ ಇದ್ದೆ. ಬೇಗ ಎಳೀನಿ ಕಾಂಬ,” ಎಂದಳು ಪ್ರಫುಲ್ಲಾ ನಾಯಿಯ ಹಿಂದಿನಿಂದ.

ಗತ್ತಿನಿಂದ ಹೇಳಿದರೇ ಹೊರತು ಶೆಟ್ಟರಿಗೆ ಆ ರಾತ್ರಿ ಊಟ ಸೇರಲಿಲ್ಲ. ಅವರಿಗೆ ನಿಜಕ್ಕೂ ಭಯವಾಗಿತ್ತು. ಹೋಟೆಲು ಬಿಟ್ಟು ಬಂದ ಮೇಲೆ ಮನೆಯಲ್ಲಿ ಎಲ್ಲರೂ ಅವರಿಗೆ ‘ಅಲ್ಲಿ ಕೂರಬೇಡಿ, ಇಲ್ಲಿ ಕೂರಿ’ ಎನ್ನುವವರೇ. ಇಪ್ಪತ್ತು ಜನರನ್ನು ಕೆಲಸಕ್ಕಿಟ್ಟುಕೊಂಡಿದ್ದ ಮನುಷ್ಯ ಈಗ ಒಂದು ಲೋಟ ನೀರು ಕೇಳಿದರೆ ‘ಫಿಲ್ಟರ್ ಅಲ್ಲೇ ಇತ್ತಲೆ’ ಎಂಬ ಉತ್ತರ ಬರುತ್ತಿತ್ತು. ಅವರು ಎದ್ದರೆ ಎದ್ದು, ಕೂತರೆ ಕೂತು, ಅವರು ಮುಂಬೈ ಕಥೆ ಹೇಳಿದರೆ ಕೊನೆಯವರೆಗೂ ಕೇಳುವ ಜೀವ ಈ ಲೋಕದಲ್ಲಿ ಅದೊಂದೇ. ಅದೂ ಬ್ರಹ್ಮಾವರಕ್ಕೆ ಹೋದರೆ ತಾನು ಜಗಲಿಯಲ್ಲಿ ಕೂತು ಮಾಡುವುದೇನು?

ಮರುದಿನವೇ ಓಮ್ನಿಯನ್ನು ಓಲೈಸಿ ಅಮಿತಾಳ ಬಳಿಗೆ ಹೋದರು. ಅವಳು ಕೀಲುನೋವಿಗೆ ಮಾತ್ರೆ ಕೊಟ್ಟು, ಬನ್ಸು ಬಜೆಗಳನ್ನು ನಿಷೇಧಿಸಿ, ನಿಧಾನವಾಗಿ ಬಿಡಿಸಿ ಹೇಳಿದಳು. “ವಯಸ್ಸಾಯ್ತ್ ಅಂದೇಳಿ ಕೂರ್ಸುಕಾಗ. ಕೂತ್ರೆ ಕೀಲ್ ಹಿಡಿತ್ತ್. ಹಾಂಗಂತ ಓಡ್ಸುಕೂ ಆಗ. ಸಲ್ಪ ಸಲ್ಪ ನಡ್ಸಿ, ದಿನಕ್ಕೆ ನಾಕೈದ್ ಸಲ. ಮೆತ್ತಗಿನ ನೆಲ ಆರೆ ಒಳ್ಳೇದ್. ಅವ ನಿಂತ್ರೆ ನೀವೂ ನಿಲ್ಲಿ. ಮೂಸುಕೆ ಬಿಡಿ. ಮೂಸುದಂದ್ರೆ ಅವ್ನಿಗೆ ಪೇಪರ್ ಓದಿದಂಗೆ.”

ಶೆಟ್ಟರು ವೈದ್ಯರ ಮಾತನ್ನು ಯಾವತ್ತೂ ತಳ್ಳಿಹಾಕಿದವರಲ್ಲ. ಪಾಲಿಸುವಾಗ ಒಂದು ಘಟ್ಟ ತಡವಾಗುತ್ತಿತ್ತು, ಅಷ್ಟೆ. ದಾರಿಯುದ್ದಕ್ಕೂ ಯೋಚಿಸಿ ಅವರೊಂದು ತೀರ್ಮಾನಕ್ಕೆ ಬಂದರು. ನಾಯಿ ಪ್ರಾಯದಲ್ಲಿ ಓಡಬೇಕಿತ್ತು ಎಂದು ಇದೇ ಅಮಿತಾ ಹೇಳಿದ್ದಳಲ್ಲ? ಮಗಳು ಓಡಿಸಿದ್ದು ಇರಬಹುದು, ಆದರೆ ತಮ್ಮ ಪಾಲಿನ ಓಟ ಬಾಕಿ ಉಳಿದಿದೆ. ಅದನ್ನು ಈಗ ತೀರಿಸಿಬಿಟ್ಟರೆ ಕೀಲುಗಳೆಲ್ಲ ಸಡಿಲವಾಗಿ ನಾಯಿ ಮೆಟ್ಟಿಲನ್ನು ಹಾರಿಕೊಂಡು ಹತ್ತುತ್ತದೆ. ಆದ್ದರಿಂದ ಮ್ಯಾನೇಜರನನ್ನು ತತ್‌ಕ್ಷಣದಿಂದ ಜಾರಿಗೆ ಬರುವಂತೆ ಗಲ್ಲಾದಿಂದ ಇಳಿಸಿ, ಮರಳಿ ಕ್ಲೀನರ್ ಹುದ್ದೆಗೆ ಹಿಂಬಡ್ತಿ ಮಾಡಲಾಗಿದೆ ಎಂದು ಊಟದ ಮೇಜಿನಲ್ಲಿ ಪ್ರಕಟಿಸಿದರು.

“ಡಾಕ್ಟ್ರ್ ಹೇಳದ್ದ್ ಸಲ್ಪ ಸಲ್ಪ ಅಂದೇಳಿ,” ಎಂದಳು ಪ್ರಫುಲ್ಲಾ.

“ಸಲ್ಪ ಸಲ್ಪ ಮಾಡುಕೆ ಟೈಮ್ ಎಲ್ಲಿತ್ತ್? ಹೋಟ್ಲಂಗ್ ರಶ್ ಇಪ್ಪತ್ತಿಗೆ ಒಂದೊಂದೇ ದೋಸಿ ಹೊಯ್ತ್ರಾ?”

“ಅವ ದೋಸಿ ಅಲ್ಲ, ಅಜ್ಜ.”

“ನಿಂಗ್ ಬಿಸ್‌ನೆಸ್ ಗೊತ್ತಿಲ್ಲೆ,” ಎಂದು ಶೆಟ್ಟರು ಮಾತು ಮುಗಿಸಿದರು.

ಮೆತ್ತಗಿನ ನೆಲ ಎಂದರೆ ಅವರಿಗೆ ಹೊಳೆದದ್ದು ಕಿರಿಮಂಜೇಶ್ವರದ ಕಡಲತೀರದ ಮರಳು. ಮರುದಿನ ಬೆಳಿಗ್ಗೆ ನಿತೇಶನ ಹಳೆಯ ಸ್ಪೋರ್ಟ್ಸ್ ಬೂಟಿಗೆ ಮುಂದೆ ಕಾಗದ ತುರುಕಿ ತೊಟ್ಟು, ತಲೆಗೆ ಬೈರಾಸು ಸುತ್ತಿ, ನಾಯಿಯ ಕುತ್ತಿಗೆಪಟ್ಟಿಗೆ ಹೋಟೆಲಿನ ಸಿಲಿಂಡರ್ ಕಟ್ಟುವ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ತಮ್ಮ ಮಣಿಕಟ್ಟಿಗೆ ಸುತ್ತಿಕೊಂಡರು. ಪ್ರಫುಲ್ಲಾ ಬಾಗಿಲಲ್ಲಿ ನಿಂತು ನೋಡಿದಳು. “ಕಡ್ಲ್ ಬದಿ ಹೋಪುದಾರೆ ಬಪ್ಪತ್ತಿಗೆ ಮೀನ್ ತನ್ನಿ,” ಎಂದಷ್ಟೇ ಹೇಳಿದಳು.

ಕಡಲ ಬದಿಯಲ್ಲಿ ಆಗತಾನೇ ಬಲೆ ಎಳೆದು ಮುಗಿದಿತ್ತು. ಮೀನು ಮಾರುವ ಬೆಳ್ಳಿ ದೂರದಲ್ಲಿ ಕೂತು ಬಂಗುಡೆಗಳನ್ನು ಕ್ರೇಟಿಗೆ ತುಂಬುತ್ತಿದ್ದಳು. ಅವಳ ಗಂಡ ನಾಗ ಸರಕಿನ ಆಟೋವನ್ನು ಮರಳಿನ ಅಂಚಿಗೆ ತಂದು ನಿಲ್ಲಿಸಿದ್ದ. ಶೆಟ್ಟರು ನಾಯಿಗೆ ಓಟದ ಮಹತ್ವದ ಬಗ್ಗೆ ಎರಡು ಮಾತು ಹೇಳಿ, “ಹೂಂ, ಓಡ್,” ಎಂದರು. ಮ್ಯಾನೇಜರ್ ಅವರ ಮುಖ ನೋಡಿ ಆಕಳಿಸಿತು. ಅಷ್ಟರಲ್ಲಿ ಗಾಳಿಯ ದಿಕ್ಕು ಬದಲಾಗಿ ಬಂಗುಡೆಯ ವಾಸನೆ ಅದರ ಮೂಗಿಗೆ ಬಡಿಯಿತು.

ಆಮೇಲೆ ಆದದ್ದನ್ನು ಓಟ ಎಂದು ಕರೆಯಬಹುದಾದರೆ ಅದರಲ್ಲಿ ಓಡಿದ್ದು ನಾಯಿ, ಹೋದದ್ದು ಶೆಟ್ಟರು. ಹಗ್ಗ ಮಣಿಕಟ್ಟಿಗೆ ಸುತ್ತಿದ್ದರಿಂದ ಬಿಡಿಸಿಕೊಳ್ಳುವಂತಿಲ್ಲ. ಬೈರಾಸು ಒಂದು ಕಡೆ ಹಾರಿತು. ಕಾಗದ ತುರುಕಿದ ಬೂಟೊಂದು ಮರಳಿನಲ್ಲಿ ಹೂತು ಅಲ್ಲೇ ಉಳಿಯಿತು. ‘ಸಾವಕಾಶ, ಸಾವಕಾಶ’ ಎನ್ನುತ್ತ ಅವರು ಗಾಳಿಯಲ್ಲೂ ಮರಳಿನಲ್ಲೂ ಸರಿಸಮವಾಗಿ ಚಲಿಸಿದರು. ಬೆಳ್ಳಿಯ ಕ್ರೇಟಿನ ಬಳಿ ಬಂದ ಮ್ಯಾನೇಜರ್ ಒಂದು ದಪ್ಪ ಬಂಗುಡೆಯನ್ನು ಆರಿಸಿ, ಕಚ್ಚಿಕೊಂಡು, ನಾಲ್ಕು ಹೆಜ್ಜೆ ಈಚೆ ಬಂದು ಕೂತುಬಿಟ್ಟಿತು. ಅಲ್ಲಿಗೆ ಅದರ ಬಾಕಿ ಓಟ ಸಂಪೂರ್ಣ ತೀರಿತ್ತು.

ಬಿಸಿಲು ಏರತೊಡಗಿತು. ಶೆಟ್ಟರು ಕರೆದರು, ಎಳೆದರು, ಪುಸಲಾಯಿಸಿದರು, ಮುಂಬೈ ಹಿಂದಿಯಲ್ಲಿ ಗದರಿಸಿದರು. ಹಿಂಗಾಲಿನಲ್ಲಿ ನೋವು ಹತ್ತಿದ ನಾಯಿ ಅವರನ್ನು ದೀನವಾಗಿ ನೋಡಿತೇ ಹೊರತು ಏಳಲಿಲ್ಲ. ಆ ನೋಟ ಕಂಡು ಅವರು ಮಣಿಕಟ್ಟಿನ ಹಗ್ಗ ಬಿಚ್ಚಿದರು. ಮೈದಾ ಮೂಟೆಗಳನ್ನು ಹೆಗಲ ಮೇಲೆ ಹೊತ್ತು ಮೂರು ಮಾಳಿಗೆ ಹತ್ತಿದ ಬೆನ್ನು ಇದು, ಒಂದು ನಾಯಿಯನ್ನು ರಸ್ತೆಬದಿಯಲ್ಲಿ ನಿಲ್ಲಿಸಿ ಬಂದ ಓಮ್ನಿಯವರೆಗೆ ಹೊರಲಾರದೇ ಎಂದುಕೊಂಡು ಬಗ್ಗಿ, ಹೊಟ್ಟೆಯಡಿ ಕೈ ಹಾಕಿ, ‘ಮೂಕಾಂಬಿಕೆ’ ಎಂದು ಎತ್ತಿದರು. (ಮೂಟೆ ಹೊತ್ತು ನಲವತ್ತು ವರ್ಷವಾಗಿದೆಯೆಂಬ ವಿಷಯ ಬೆನ್ನಿಗೆ ಗೊತ್ತಿತ್ತು, ಶೆಟ್ಟರಿಗೆ ಗೊತ್ತಿರಲಿಲ್ಲ.) ಸೊಂಟದಲ್ಲಿ ಕಟಕ್ ಎಂದಿತು. ಮುಂದಿನ ಕ್ಷಣ ಅವರು ಮರಳಿನಲ್ಲಿ ಅಂಗಾತ ಬಿದ್ದು ಆಕಾಶ ನೋಡುತ್ತಿದ್ದರು. ಮ್ಯಾನೇಜರ್ ಪಕ್ಕದಲ್ಲೇ ಒರಗಿ, ಅವರ ಎದೆಯ ಮೇಲೆ ಗಲ್ಲವೂರಿ, ಮೀನನ್ನು ಸಮಾಧಾನವಾಗಿ ಮುಗಿಸಿತು.

ಬೆಳ್ಳಿ ಎದ್ದು ಬಂದಳು. “ಎಂತ ಶೆಟ್ರೆ, ಇಲ್ ಮನ್ಕಂಡದ್ದ್?”

“ನಾಯಿಗ್ ವಾಕಿಂಗ್ ಮಾಡ್ಸುದ್.”

“ನಾಯಿ ಮನ್ಕಂಡಿತ್ತಲೆ.”

“ಅವ ಸಲ್ಪ ರೆಸ್ಟ್ ತಕಂತ.”

“ನೀವ್?”

“ನಾ ಅವ್ನಿಗ್ ಕಂಪೆನಿ ಕೊಡುದ್,” ಎಂದು ಶೆಟ್ಟರು ಹಲ್ಲು ಕಚ್ಚಿ ಹೇಳಿದರು.

ಬೆಳ್ಳಿ ಆಟೋದ ಕಡೆ ತಿರುಗಿ, “ಹ್ವಾಯ್, ಇಲ್ ಬನ್ನಿ ಕಾಂಬ. ಹಲ್ಗಿ ತನ್ನಿ,” ಎಂದು ನಾಗನನ್ನು ಕರೆದಳು. ಕ್ರೇಟು ಹತ್ತಿಸುವ ಹಲಗೆಯನ್ನು ಆಟೋಗೆ ಒರಗಿಸಿದ ಕೂಡಲೇ ಮ್ಯಾನೇಜರ್ ಮೀನಿನ ವಾಸನೆಯನ್ನು ಹಿಂಬಾಲಿಸಿ, ನಿಧಾನವಾಗಿ, ಘನತೆಯಿಂದ, ತಾನೇ ನಡೆದು ಹತ್ತಿತು. ಶೆಟ್ಟರನ್ನು ಅದೇ ಹಲಗೆಯ ಮೇಲೆ ಮಲಗಿಸಿ ಒಳಗೆ ಜಾರಿಸಬೇಕಾಯಿತು. ಒಂದು ಬದಿಗೆ ಬಂಗುಡೆ, ಇನ್ನೊಂದು ಬದಿಗೆ ಮಂಜುಗಡ್ಡೆ, ನಡುವೆ ಶೆಟ್ಟರು, ಅಂಚಿನಲ್ಲಿ ಕಿವಿ ನಿಮಿರಿಸಿ ಕೂತ ಮ್ಯಾನೇಜರ್. ಮೆರವಣಿಗೆ ಯಡ್ತರೆಯ ಕಡೆಗೆ ಹೊರಟಿತು.

ನೇರವಾಗಿ ಮನೆಗೆ ಬಂದಿದ್ದರೆ ಅಷ್ಟು ಅವಮಾನವಾಗುತ್ತಿರಲಿಲ್ಲ. ಆದರೆ ಬೆಳ್ಳಿಯದು ಹೊಟ್ಟೆಪಾಡು. ದಾರಿಯಲ್ಲಿ ಕಾಯಂ ಗಿರಾಕಿಗಳ ಮನೆಮುಂದೆ ಆಟೋ ನಿಲ್ಲಿಸಿ ಹಾರ್ನ್ ಹೊಡೆಯಲೇಬೇಕು. ಹೆಂಗಸರು ಪಾತ್ರೆ ಹಿಡಿದು ಬಂದು ಹಿಂದೆ ಇಣುಕುತ್ತಿದ್ದರು, ಮೀನು ನೋಡುತ್ತಿದ್ದರು, ಶೆಟ್ಟರನ್ನು ನೋಡುತ್ತಿದ್ದರು, ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದರು. ಶೆಟ್ಟರು ಕಣ್ಣು ಮುಚ್ಚಿ ತಾವು ಅಲ್ಲಿಲ್ಲವೆಂದು ಭಾವಿಸಿದರು. ಕೊನೆಯ ಮನೆಯಾಕೆ, “ಇವತ್ತಿಂದ್ ಫ್ರೆಶ್ಶಾ ಬೆಳ್ಳಿ?” ಎಂದು ಕೇಳಿದಳು.

“ಬಂಗ್ಡಿ ಅಂದ್ರೆ ಈಗಳ್ ಎಳ್ದದ್ದ್. ಶೆಟ್ರ್ ಸಲ್ಪ ಹಳ್ತ್,” ಎಂದಳು ಬೆಳ್ಳಿ.

ಮನೆಯಲ್ಲಿ ನಿತೇಶ ಮತ್ತು ನಾಗ ಸೇರಿ ಅವರನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಹತ್ತಿಸಿದರು. ಆಮೇಲೆ ಅದೇ ಕುರ್ಚಿಯಲ್ಲಿ ನಾಯಿಯನ್ನು. ಪ್ರಫುಲ್ಲಾ ಮೂಗಿಗೆ ಸೆರಗು ಹಿಡಿದು ಗಂಡನ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

“ಮೀನ್ ತನ್ನಿ ಅಂದಿದ್ದೆ. ಮೀನಾಯಿ ಬನ್ನಿ ಅಂದದ್ದಲ್ಲ.”

“ಸೊಂಟ ನೋಯ್ತಿತ್ತೇ.”

“ನೋಯ್ದೆ ಎಂತ ಆತ್? ಇಬ್ಬರಿಗೂ ಮೊದ್ಲ್ ಮೀಯ್ಸ್ಕ್. ಯಾರಿಗ್ ಬಿಸ್ನೀರ್, ಯಾರಿಗ್ ತಣ್ಣೀರ್ ಅಂದೇಳಿ ನೀವೇ ಹೇಳಿ.”

ಮೂಳೆ ಡಾಕ್ಟರು ಬಂದು ನೋಡಿ, ಏನೂ ಮುರಿದಿಲ್ಲ, ಸ್ನಾಯು ಉಳುಕಿದೆ, ಒಂದು ವಾರ ಮಲಗಿರಲಿ, ಆಮೇಲೆ ಸಮತಟ್ಟು ನೆಲದಲ್ಲಿ ನಿಧಾನವಾಗಿ ನಡೆಯಲಿ, ಮೆಟ್ಟಿಲಿನ ಹತ್ತಿರ ಸುಳಿಯುವುದು ಬೇಡ ಎಂದು ಹೇಳಿ ಹೋದರು. ಶೆಟ್ಟರ ಮಂಚವನ್ನು ಜಗಲಿಗೆ ತಂದು ಹಾಕಲಾಯಿತು. ಓಡಿಸುವವರು ಮಲಗಿದ ಮೇಲೆ ನಾಯಿಯ ಜವಾಬ್ದಾರಿ ಪ್ರಫುಲ್ಲಾಳಿಗೆ ಬಂತು.

ಅವಳು ಮೊದಲು ಗೋಣಿಚೀಲವನ್ನು ಅಂಗಳಕ್ಕೆ ಇಳಿಸಿ ನಾಯಿಯ ವಾಸವನ್ನು ಅಲ್ಲಿಗೇ ಮಾಡಿದಳು. ವಾಕಿಂಗ್ ಎಂಬ ಶಬ್ದವನ್ನೇ ಎತ್ತಲಿಲ್ಲ. ಬೆಳಿಗ್ಗೆ ಹೂ ಕೊಯ್ಯಲು ಹೋಗುವಾಗ “ಬಾ ಮಗಾ” ಎಂದಳು. ಹಾಲಿಗೆ ಹೋಗುವಾಗ “ಬಾ” ಎಂದಳು. ಅಂಗಡಿಗೆ ಕೊತ್ತಂಬರಿ ಸೊಪ್ಪಿಗೆ, ಪಕ್ಕದ ಮನೆಗೆ ಮಜ್ಜಿಗೆ ಕೊಡಲಿಕ್ಕೆ, ಸಂಜೆ ಸುಮ್ಮನೆ ರಸ್ತೆ ನೋಡಲಿಕ್ಕೆ, ಹೀಗೆ. ಯಾವುದೂ ನಾಲ್ಕು ಮನೆಗಿಂತ ದೂರವಲ್ಲ. ಪ್ರತಿ ಗೇಟಿನಲ್ಲೂ ಅವಳಿಗೆ ಮಾತಾಡಲು ಒಬ್ಬರು ಸಿಗುತ್ತಿದ್ದರು, ಪ್ರತಿ ಗೇಟಿನಲ್ಲೂ ಮ್ಯಾನೇಜರನಿಗೆ ಮೂಸಲು ಒಂದು ಕಂಬ. ಇವಳು ಆ ಮನೆಯ ಸೊಸೆಯ ಸುದ್ದಿ ಮುಗಿಸುವಷ್ಟರಲ್ಲಿ ಅದು ಕಂಬವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿರುತ್ತಿತ್ತು. ಮಾತ್ರೆಯೂ ಹೊತ್ತಿಗೆ ಸರಿಯಾಗಿ ಬಿತ್ತು. ಪಾರ್ಸೆಲ್ ತಿನಿಸುವ ಕೈಗೇ ಈಗ ಪಥ್ಯವಾದ್ದರಿಂದ ಬನ್ಸೂ ನಿಂತಿತು.

ಮಂಚದ ಮೇಲೆ ಮಲಗಿದ್ದ ಶೆಟ್ಟರಿಗೆ ಇದೆಲ್ಲ ಕಂಡು ಹೊಟ್ಟೆಕಿಚ್ಚಾಗುತ್ತಿತ್ತು. ಎರಡನೆಯ ವಾರದ ಶುಕ್ರವಾರ ನಾಯಿ ಮೊದಲ ಮೆಟ್ಟಿಲಿಗೆ ಮುಂಗಾಲಿಟ್ಟಿತು. ಶನಿವಾರ ಅರ್ಧದವರೆಗೆ ಬಂದು, ನಿಂತು, ಸಂಜೆಯ ಹೊತ್ತಿಗೆ ಪೂರ್ತಿ ಹತ್ತಿ ಮಂಚದ ಬಳಿ ಬಂದು ಅವರ ಅಂಗೈ ನೆಕ್ಕಿತು. ಅವರ ಕಣ್ಣಲ್ಲಿ ನೀರು ತುಂಬಿತು. ಸೊಂಟ ಎಳೆಯುತ್ತಿದೆ ಎಂದು ಪ್ರಫುಲ್ಲಾಳಿಗೆ ಹೇಳಿದರು.

ಭಾನುವಾರ ಅನ್ವಿತಾ ಬಂದಳು. ಕಾರಿನ ಹಿಂದಿನ ಸೀಟಿಗೆ ಹಳೆಯ ಹೊದಿಕೆ ಹಾಸಿ, ನೀರಿನ ಬಟ್ಟಲು, ಬಿಸ್ಕತ್ತಿನ ಪೊಟ್ಟಣ ಎಲ್ಲವನ್ನೂ ಅಣಿಮಾಡಿಕೊಂಡೇ ಬಂದಿದ್ದಳು. ಶೆಟ್ಟರು ಮಂಚದಲ್ಲಿ ದಿಂಬಿಗೊರಗಿ ಕೂತು ಕಾಯುತ್ತಿದ್ದರು. ಅವಳು ಮೇಲೆ ಬಂದು ನಿಂತು ಕರೆದಳು. ಮ್ಯಾನೇಜರ್ ಅಂಗಳದಿಂದ ಹೊರಟು, ಒಂದೊಂದೇ ಮೆಟ್ಟಿಲು ಹತ್ತಿ, ನಡುವೆ ನಿಂತು ಯಾವುದೋ ಇರುವೆಯ ಸಾಲನ್ನು ಮೂಸಿ, ಮತ್ತೆ ಹತ್ತಿ, ಅವಳ ಕಾಲ ಬಳಿ ಕೂತು ಬಾಲ ಬಡಿಯಿತು.

“ಕಂಡ್ಯಾ?” ಎಂದು ಶೆಟ್ಟರು ಹಾಸಿಗೆಯನ್ನು ಗುದ್ದಿದರು. “ಮಾತ್ ಮಾತೇ. ಅವ ಇಲ್ಲೇ ಇಪ್ಪುದ್.”

“ಒಪ್ದೆ ಅಪ್ಪಯ್ಯ. ಅವ ಇಲ್ಲೇ ಇರ್ಲಿ,” ಎಂದು ಅನ್ವಿತಾ ನಾಯಿಯ ತಲೆ ಸವರಿದಳು. “ಈಗಳ್ ನೀವ್ ಇಳ್ದ್ ಹತ್ತಿ ಕಾಂಬ.”

“ನನ್ ಸುದ್ದಿ ಎಂತಕ್ಕೆ ಇಲ್ಲಿ?”

“ಯಾರೇ ಆಯ್ಲಿ ಅಂದದ್ ಯಾರ್?” ಎಂದಳು ಪ್ರಫುಲ್ಲಾ ಅಡುಗೆಮನೆಯಿಂದಲೇ. “ನಾನೇ ಸಾಕ್ಷಿ.”

ಶೆಟ್ಟರಿಗೆ ರೋಷ ಬಂತು. ಮಗಳ ಹೆಗಲು ಹಿಡಿದು, ಪ್ರತಿ ಮೆಟ್ಟಿಲಿಗೂ ಒಂದೊಂದು ದೇವರನ್ನು ನೆನೆದು ಕೆಳಗಿಳಿದರು. ಇಳಿದ ಮೇಲೆ ತಿರುಗಿ ನಿಂತು ಬಲಗಾಲನ್ನು ಮೊದಲ ಮೆಟ್ಟಿಲ ಮೇಲಿಟ್ಟರು. ಎಡಗಾಲು ಬರಲಿಲ್ಲ. ಅಲ್ಲೇ ನಿಂತು ಮೇಲೆ ನೋಡಿದರು. ಮೇಲೆ ಮ್ಯಾನೇಜರ್ ಕುತ್ತಿಗೆ ಓರೆ ಮಾಡಿ ಅವರನ್ನೇ ನೋಡುತ್ತಿತ್ತು.

“ಸಾಕ್ ಅಪ್ಪಯ್ಯ, ಕಷ್ಟ ಪಡುದ್ ಬ್ಯಾಡ,” ಎಂದು ಅನ್ವಿತಾ ಅವರ ತೋಳು ಹಿಡಿದಳು. “ಬ್ರಹ್ಮಾವರದಂಗೆ ನಮ್ಮನಿ ಹಿಂದೇ ಫಿಸಿಯೋಥೆರಪಿ ಮಾಡುವವ್ರ್ ಇದ್ರ್. ನಾ ದಿನಕ್ಕೆ ನಾಕೈದ್ ಸಲ ಸಲ್ಪ ಸಲ್ಪ ನಡ್ಸ್ತೆ.”

“ನಿತೇಶ ಹೋಟ್ಲಿಗ್ ಹೋದ್ಮೇಲೆ ನಿನ್ ಅಮ್ಮ ಒಬ್ಳೇ ಹೆಂಗ್ ಇಪ್ಪುದ್?” ಎಂದು ಶೆಟ್ಟರು ಕೊನೆಯ ಅಸ್ತ್ರ ತೆಗೆದರು.

ಪ್ರಫುಲ್ಲಾ ಒಳಗಿನಿಂದ ಅವರ ಬಟ್ಟೆಯ ಚೀಲ ಹಿಡಿದು ಬಂದಳು. ಚೀಲ ಮೊದಲೇ ತುಂಬಿಸಿಟ್ಟದ್ದಾಗಿತ್ತು. “ಇಬ್ಬರನ್ನ ನಡ್ಸುಕೆ ನನ್ ಹತ್ರ ಆತಿಲ್ಲೆ. ಒಬ್ಬ ಹೇಳದ್ದ್ ಕೇಂತ, ಒಬ್ಬ ಕೇಂತಿಲ್ಲೆ. ಕೇಂತಿಲ್ಲದವ್ರನ್ನ ನೀ ಕರ್ಕಂಡ್ ಹೋಗ್ ಮಗಾ.”

ಶೆಟ್ಟರು ಬಲಗಾಲನ್ನು ಮೆಟ್ಟಿಲಿನಿಂದ ಕೆಳಗಿಳಿಸಿದರು. ಆಮೇಲೆ ಯಾರ ಮುಖವನ್ನೂ ನೋಡದೆ, “ಮ್ಯಾನೇಜರ್‌ನ ಬಿಟ್ಟ್ ನಾ ಇದ್ದ್ ಗೊತ್ತಿಲ್ಲೆ,” ಎಂದರು. ಪ್ರಫುಲ್ಲಾ ಚೀಲವನ್ನು ಕೆಳಗಿಟ್ಟು, ಇಳಿದು ಬಂದು, ಅವರ ಅಂಗಿಯ ಮೇಲಿನ ಗುಂಡಿ ಹಾಕಿದಳು. “ಮೆಟ್ಲ್ ಹತ್ತುವಂಗ್ ಆದ್ ದಿವ್ಸ ಬನ್ನಿ. ನಾ ಎಲ್ಲೂ ಹೋತಿಲ್ಲೆ. ಅವನೂ ಹೋತಿಲ್ಲೆ,” ಎಂದಳು ಮೆತ್ತಗೆ.

ಸೊಂಟ ಬಗ್ಗದ ಕಾರಣ ಮುಂದಿನ ಸೀಟಿನಲ್ಲಿ ಕೂರಲಾಗಲಿಲ್ಲ. ಹಿಂದಿನ ಸೀಟಿಗೆ ಹಾಸಿದ್ದ ಹೊದಿಕೆಯ ಮೇಲೆಯೇ ಅವರನ್ನು ಓರೆಯಾಗಿ ಒರಗಿಸಿದರು. ಮ್ಯಾನೇಜರ್ ಗೇಟಿನವರೆಗೂ ಬಂದು ಕಾರಿನ ಚಕ್ರವನ್ನು ಮೂಸಿ ನೋಡಿತು. ಕಾರು ತಿರುಗಿದಾಗ ಅದು ಹಿಂದಿರುಗಿ ನಿಧಾನವಾಗಿ ಮೆಟ್ಟಿಲು ಹತ್ತುತ್ತಿರುವುದು ಶೆಟ್ಟರಿಗೆ ಕಂಡಿತು. ಚೆನ್ನಾಗಿಯೇ ಹತ್ತುತ್ತಿತ್ತು.

ಮರವಂತೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ ಬಂದಾಗ ಅನ್ವಿತಾ ಗಾಳಿ ಆಡಲಿ ಎಂದು ಹಿಂದಿನ ಗಾಜು ಇಳಿಸಿದಳು. ತಂಪು ಗಾಳಿ ಮುಖಕ್ಕೆ ಬಡಿಯಿತು. ಶೆಟ್ಟರು ಒಂದು ಕೈಯಲ್ಲಿ ಬಾಗಿಲು ಹಿಡಿದು, ಮೆಲ್ಲಗೆ ಸರಿದು, ಕಿಟಕಿಯಿಂದ ತಲೆ ಹೊರಗೆ ಹಾಕಿ, ಕಣ್ಣು ಕಿರಿದು ಮಾಡಿ, ಬಂದ ದಾರಿಯ ಕಡೆಗೆ ನೋಡಿದರು.

“ಅಪ್ಪಯ್ಯ, ತಲಿ ಒಳ್ಗ್ ಎಳ್ಕಣಿ. ಲಾರಿ ಬತ್ತಿತ್ತ್,” ಎಂದಳು ಅನ್ವಿತಾ ಕನ್ನಡಿಯಲ್ಲಿ ನೋಡುತ್ತ.

ಶೆಟ್ಟರು ತಲೆ ಒಳಗೆಳೆದುಕೊಂಡರು. ಅವಳು ರಸ್ತೆಯಿಂದ ಕಣ್ಣು ತೆಗೆಯದೆಯೇ ಬಿಸ್ಕತ್ತಿನ ಪೊಟ್ಟಣವನ್ನು ಹಿಂದಕ್ಕೆ ಚಾಚಿದಳು. ಅವರು ಒಂದು ತೆಗೆದುಕೊಂಡರು.